ಒಣ ಲಸಿಕೆಯ ಚರಿತ್ರೆ

ನಮ್ಮ ಶಾಲೆಯ ಐದನೆಯ ತರಗತಿಯಲ್ಲಿ ಎಡ್ವರ್ಡ್ ಜೆನ್ನರನ ವಿಷಯವನ್ನು ಹೇಳುತ್ತಿದ್ದಾಗ ಬಾಲಕಿಯೊಬ್ಬಳು ಎದ್ದು ನಿಂತು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಸಿಡುಬಿಗೆ ಲಸಿಕೆಯನ್ನು ಜೆನ್ನರನು ೧೭೯೬ರಲ್ಲಿಯೇ ಪ್ರಯೋಗಿಸಿ ತೋರಿಸಿದನೆಂದು ನಾವು ಕರಿಹಲಗೆಯ ಮೇಲೆ ಬರೆದಿದ್ದೆವು. “ಹಾಗಾದರೆ ಮೇಷ್ಟ್ರೇ, ನಮ್ಮ ಮುತ್ತಜ್ಜಿಯ ಮುಖದ ತುಂಬ ಮೈಲಿ ಕಲೆ ಯಾಕಿದೆ?” ಎಂದಳು. ಆ ಮುತ್ತಜ್ಜಿ ಎಂಬತ್ತೈದು ದಾಟಿದವರು. ಊರಿನಲ್ಲಿ ಎಲ್ಲರಿಗೂ ಪರಿಚಿತರು. ಜೆನ್ನರನಿಗೂ ಅವರ ಬಾಲ್ಯಕ್ಕೂ ನಡುವೆ ನೂರೈವತ್ತು ವರ್ಷಗಳ ಅಂತರವಿದೆ. ಔಷಧಿ ಇದ್ದೂ ನೂರೈವತ್ತು ವರ್ಷ ರೋಗವೇಕೆ ಉಳಿಯಿತು? ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಮ್ಮಲ್ಲಿಯೂ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಆ ಸಂಜೆ ನಾವು ಆ ಮನೆಗೆ ಹೋದೆವು. ಮುತ್ತಜ್ಜಿ ಸೆರಗನ್ನು ಸರಿಸಿ ಎಡದೋಳನ್ನು ತೋರಿಸಿದರು. “ಮೈಲಿ ಹಾಕೋರು ಎರಡು ಸಾರಿ ಬಂದಿದ್ರು ಮೇಷ್ಟ್ರೇ. ಮೊದಲ್ನೇ ಸಾರಿ ಹಾಕ್ದಾಗ ತೋಳಲ್ಲಿ ಏನೂ ಆಗ್ನಿಲ್ಲ. ಗುಳ್ಳೆನೇ ಏಳ್ನಿಲ್ಲ. ಮಾರ್ನೇ ಬ್ಯಾಸ್ಗೇಲಿ ಅಮ್ಮ ಬಂದ್ಳು. ನನ್ ತಮ್ಮ ಹೋದ. ಆಮೇಲೆ ಅವ್ರು ಬಂದ್ರೆ ಊರೋರೆಲ್ಲ ಮಕ್ಳ ಎತ್ಕಂಡು ಕಾಡಿಗೆ ಓಡೋಗ್ತಿದ್ರು.” ಲಸಿಕೆಯಿಂದ ಜನ ಏಕೆ ಓಡಿಹೋಗುತ್ತಿದ್ದರೆಂದು ಕೇಳಿದರೆ ‘ಮೂಢನಂಬಿಕೆ’ ಎಂದು ಎರಡಕ್ಷರದಲ್ಲಿ ಉತ್ತರಿಸಿಬಿಡುವ ರೂಢಿ ನಮ್ಮಂತಹ ಓದಿದವರಲ್ಲಿದೆ. ಮುತ್ತಜ್ಜಿಯ ಮಾತನ್ನು ಕೇಳಿದ ಮೇಲೆ ಅದು ನ್ಯಾಯವಾದ ಉತ್ತರವಲ್ಲವೆನಿಸಿತು. ಅವರು ಕಂಡದ್ದನ್ನೇ ಹೇಳಿದ್ದರು: ಲಸಿಕೆ ಹಾಕಿಸಿದರು, ರೋಗ ಬಂದಿತು. ಹಾಕಿದ ಲಸಿಕೆ ಆಗಲೇ ಸತ್ತಿದ್ದಿರಬೇಕು. ಅದನ್ನು ಕೊಂದದ್ದು ಬಿಸಿಲು.

ನಮ್ಮ ತಾಳವಾಡಿ ಸೀಮೆಗೆ ಆಗ ಕೆಳನಾಡಿನಿಂದ ಯಾವ ವಸ್ತು ಬರಬೇಕಾದರೂ ಬಣ್ಣಾರಿಯ ಬಯಲನ್ನು ದಾಟಿ ದಿಂಬಂ ಘಟ್ಟವನ್ನು ಹತ್ತಿಯೇ ಬರಬೇಕು. ಘಟ್ಟದ ಬುಡದಲ್ಲಿ ನೆಲಸಿರುವ ಬಣ್ಣಾರಿ ಮಾರಮ್ಮನಿಗೆ ಸಿಡುಬಿನ ಹರಕೆ ಹೊರುತ್ತಿದ್ದ ಜನರ ಎದುರಿನಲ್ಲಿಯೇ ಲಸಿಕೆಯ ಸೀಸೆಯೂ ಸಾಗಿ ಬರುತ್ತಿದ್ದಿತು. ಹಿಮಗಡ್ಡೆಯಿಲ್ಲ, ಶೈತ್ಯಪೆಟ್ಟಿಗೆಯಿಲ್ಲ. ಚೈತ್ರ ವೈಶಾಖದ ಬಿಸಿಲಿನಲ್ಲಿ, ಅಂದರೆ ಸಿಡುಬು ಹೆಚ್ಚಾಗಿ ಹಬ್ಬುತ್ತಿದ್ದ ಕಾಲದಲ್ಲಿಯೇ, ದ್ರವರೂಪದ ಲಸಿಕೆ ಕೆಲವೇ ದಿನಗಳಲ್ಲಿ ನಿಸ್ಸಾರವಾಗುತ್ತಿದ್ದಿತು. ನೋಡಲು ಮಾತ್ರ ಅದರಲ್ಲಿ ಯಾವ ವ್ಯತ್ಯಾಸವೂ ಕಾಣದು. ಹಾಕುವವನಿಗೂ ತಿಳಿಯದು, ಹಾಕಿಸಿಕೊಳ್ಳುವವನಿಗೂ ತಿಳಿಯದು.

ಈ ತೊಂದರೆ ಲಸಿಕೆಯಷ್ಟೇ ಹಳೆಯದು. ಜೆನ್ನರನ ಕಾಲದಲ್ಲಿ ಗೋಸಿಡುಬಿನ ರಸವನ್ನು ದೂರದ ದೇಶಗಳಿಗೆ ಒಯ್ಯಲು ಜನರು ಪಟ್ಟ ಪಾಡು ಒಂದು ಪುರಾಣಕ್ಕೆ ಸಾಲುವಷ್ಟಿದೆ. ಸ್ಪೇನ್ ದೇಶದ ಬಾಲ್ಮಿಸ್ ಎಂಬ ವೈದ್ಯನು ೧೮೦೩ರಲ್ಲಿ ಅಮೆರಿಕಕ್ಕೆ ಹೊರಟಾಗ ಹಡಗಿನಲ್ಲಿ ೨೨ ಮಂದಿ ಅನಾಥ ಬಾಲಕರನ್ನು ಕರೆದೊಯ್ದನು. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಮತ್ತೊಬ್ಬರ ತೋಳಿಗೆ ಹಚ್ಚುತ್ತ ಹಚ್ಚುತ್ತ ಸಮುದ್ರವನ್ನು ದಾಟಿದನು. ಆ ಮಕ್ಕಳೇ ಲಸಿಕೆಯ ಸೀಸೆಗಳು! ನಮ್ಮ ದೇಶಕ್ಕೆ ಲಸಿಕೆ ಬಂದ ಬಗೆಯೂ ಹೀಗೆಯೇ. ವಿಯೆನ್ನಾದ ವೈದ್ಯನಾದ ಡಿ ಕಾರೋ ಎಂಬಾತನು ರಸವನ್ನು ನಾರಿನಲ್ಲಿ ಹೀರಿಸಿ, ಗಾಜಿನ ಬಿಲ್ಲೆಗಳ ನಡುವೆ ಇಟ್ಟು, ಮೇಣದಿಂದ ಮುಚ್ಚಿ ಬಾಗ್ದಾದಿಗೆ ಕಳುಹಿಸಿದನು. ಅಲ್ಲಿಂದ ಬಸ್ರಾಕ್ಕೆ, ಬಸ್ರಾದಿಂದ ಹಡಗಿನಲ್ಲಿ ತೋಳಿನಿಂದ ತೋಳಿಗೆ ಬಂದು, ೧೮೦೨ನೆಯ ಇಸವಿ ಜೂನ್ ೧೪ರಂದು ಮುಂಬಯಿಯಲ್ಲಿ ಮೂರು ವರ್ಷದ ಆ್ಯನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಮೊದಲನೆಯ ಲಸಿಕೆ ಹತ್ತಿತು. ಅಲ್ಲಿಂದ ಮೂರು ವರ್ಷಗಳ ಸುಮಾರಿಗೆ ಥಾಮಸ್ ಹಿಕ್ಕಿಯೆಂಬ ಚಿತ್ರಕಾರನು ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರವೊಂದನ್ನು ಬರೆದನು. ಅದರಲ್ಲಿ ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರೆಂದೂ, ತೋರಿಸುತ್ತಿರುವುದು ಲಸಿಕೆಯ ಸ್ಥಳವನ್ನೆಂದೂ ಇತಿಹಾಸಕಾರರೊಬ್ಬರು ಅರ್ಥ ಮಾಡಿದ್ದಾರೆ. ರಾಣಿಯ ತೋಳು, ನಮ್ಮ ಮುತ್ತಜ್ಜಿಯ ತೋಳು!

ಮುಂದೆ ಕರುಗಳ ಮೈಮೇಲೆ ಲಸಿಕೆಯನ್ನು ಬೆಳೆಸಿ, ಗ್ಲಿಸರಿನ್ ಬೆರೆಸಿ ಇಡುವ ಪದ್ಧತಿ ಬಂದಿತು. ಲಂಡನ್ನಿನ ಕೋಪ್‌ಮನ್ ೧೮೯೧ರಲ್ಲಿ ಅದರ ಗುಣವನ್ನು ತೋರಿಸಿಕೊಟ್ಟನು. ಗ್ಲಿಸರಿನ್ ಇತರ ಕ್ರಿಮಿಗಳನ್ನು ಅಡಗಿಸಿತು, ಬಿಸಿಲನ್ನು ಅಡಗಿಸಲಿಲ್ಲ. ಶೀತದೇಶಗಳಿಗೆ ಅದು ಸಾಕಾಯಿತು, ಉಷ್ಣದೇಶಗಳಿಗೆ ಸಾಲಲಿಲ್ಲ. ಯೂರೋಪಿನ ಹಲವು ರಾಷ್ಟ್ರಗಳಲ್ಲಿ ಸಿಡುಬು ನಿಂತ ಮೇಲೆಯೂ ನಮ್ಮಲ್ಲಿ ಅದು ಊರೂರು ಅಲೆದುದಕ್ಕೆ ಬಡತನ, ಜನಸಂಖ್ಯೆ, ಆಡಳಿತದ ಉದಾಸೀನ ಎಲ್ಲವೂ ಕಾರಣಗಳೇ. ಆದರೆ ಈ ಒಂದು ಕಾರಣವನ್ನು ಚರಿತ್ರೆಯ ಪುಸ್ತಕಗಳು ಮರೆತುಬಿಡುತ್ತವೆ.

ವಸ್ತು ಕೆಡದಂತಿರಬೇಕಾದರೆ ಅದರಲ್ಲಿಯ ನೀರನ್ನು ತೆಗೆಯಬೇಕು. ಇದನ್ನು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿಗಳೇ ಸಾಕ್ಷಿ. ನೀರಿಲ್ಲದೆಡೆ ಕ್ರಿಮಿಗಳು ಬೆಳೆಯವು, ರಾಸಾಯನಿಕ ಕ್ರಿಯೆಗಳು ಬಹಳ ಮಂದವಾಗುತ್ತವೆ. ಆದರೆ ಬಿಸಿಲಿನಲ್ಲಿ ಒಣಗಿದ ಪದಾರ್ಥ ಸುಕ್ಕುಗಟ್ಟುತ್ತದೆ. ನೀರು ದ್ರವವಾಗಿ ಹೊರಕ್ಕೆ ಹರಿಯುವಾಗ ಉಪ್ಪು ಮೊದಲಾದುವು ಒಂದೆಡೆ ಗಟ್ಟಿಯಾಗಿ ಕೂಡಿಕೊಳ್ಳುತ್ತವೆ. ಶಾಖಕ್ಕೆ ಸಿಕ್ಕಿದ ಸಸಾರಜನಕಗಳು ಬೆಂದ ಮೊಟ್ಟೆಯ ಬಿಳಿಯಂತೆ ಮಾರ್ಪಡುತ್ತವೆ. ಮೆಣಸಿನಕಾಯಿಗೆ ಇದರಿಂದ ಬಾಧೆಯಿಲ್ಲ. ಜೀವಾಣುವಿಗಾದರೋ ಇದೇ ಮರಣ.

ನೀರನ್ನು ದ್ರವವಾಗಲು ಬಿಡದೆಯೇ ಹೊರಗೆ ಕಳುಹಿಸುವುದು ಸಾಧ್ಯವೆ? ಪೂಜೆಯ ಕರ್ಪೂರವನ್ನು ನೋಡಿರಿ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಅದು ಕರಗಿ ನೀರಾಗುವುದಿಲ್ಲ. ಗಟ್ಟಿಯಾಗಿದ್ದುದು ನೇರವಾಗಿ ಆವಿಯಾಗಿ ಮಾಯವಾಗುತ್ತದೆ. ಇದಕ್ಕೆ ಉತ್ಪತನವೆಂದು ಹೆಸರು. ಹಿಮಗಡ್ಡೆಯೂ ಹೀಗೆಯೇ ನಡೆದುಕೊಳ್ಳಬಲ್ಲದು, ಆದರೆ ಅದರ ಮೇಲಿನ ಒತ್ತಡ ಬಹಳ ಕಡಿಮೆಯಾಗಬೇಕು. ಸಾಮಾನ್ಯ ವಾಯುಭಾರ ಪಾದರಸದ ೭೬೦ ಮಿಲಿಮೀಟರ್. ಸುಮಾರು ನಾಲ್ಕೂವರೆ ಮಿಲಿಮೀಟರಿಗಿಂತ ಕೆಳಗೆ ದ್ರವರೂಪದ ನೀರಿಗೆ ಸ್ಥಾನವೇ ಇಲ್ಲ. ಅಲ್ಲಿ ಇರುವುದು ಹಿಮ, ಇಲ್ಲವೇ ಆವಿ. ಆದುದರಿಂದ ಪದಾರ್ಥವನ್ನು ಮೊದಲು ಹೆಪ್ಪುಗಟ್ಟಿಸಿ, ಬಳಿಕ ಪಾತ್ರೆಯ ಗಾಳಿಯನ್ನು ತೆಗೆದು, ಅತಿ ಸ್ವಲ್ಪವಾಗಿ ಶಾಖ ಕೊಡುತ್ತ ಹೋದರೆ ಹಿಮವು ಇದ್ದೆಡೆಯಿಂದಲೇ ಹಾರಿಹೋಗುತ್ತದೆ. ಹಿಮವಿದ್ದ ಎಡೆಗಳು ಸಣ್ಣ ಸಣ್ಣ ರಂಧ್ರಗಳಾಗಿ ಉಳಿಯುತ್ತವೆ. ಪದಾರ್ಥದ ಆಕಾರ ಬದಲಾಗದು. ಮತ್ತೆ ನೀರು ಹಾಕಿದರೆ ಆ ರಂಧ್ರಗಳಲ್ಲಿ ಅದು ಕೂಡಲೆ ಇಳಿಯುತ್ತದೆ. ಇದೇ ಹೆಪ್ಪುಗಟ್ಟಿಸಿ ಒಣಗಿಸುವ ವಿದ್ಯೆ. ಫ್ರೀಜ್ ಡ್ರೈಯಿಂಗ್ ಎಂದು ಇಂಗ್ಲಿಷಿನ ಹೆಸರು.

ಈ ವಿದ್ಯೆಯ ಮೊದಲ ಪಾಠವನ್ನು ಕಲಿತವರು ಪ್ರಯೋಗಶಾಲೆಯವರಲ್ಲ, ರೈತರು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಮೇಲೆ, ಈಗಿನ ಪೆರು ಮತ್ತು ಬೊಲಿವಿಯ ದೇಶಗಳಲ್ಲಿ, ಸಮುದ್ರಮಟ್ಟದಿಂದ ೩,೮೦೦ ಮೀಟರಿಗೂ ಎತ್ತರದ ಬಯಲುಗಳಿವೆ. ಜೂನ್ ಜುಲೈ ತಿಂಗಳುಗಳು ಅಲ್ಲಿ ಚಳಿಗಾಲ. ಇರುಳಿನಲ್ಲಿ ನೀರು ಹೆಪ್ಪುಗಟ್ಟುವ ಚಳಿ, ಹಗಲಿನಲ್ಲಿ ತೀಕ್ಷ್ಣವಾದ ಬಿಸಿಲು, ಗಾಳಿಯಂತೂ ಒಣಗಾಳಿ. ಅಲ್ಲಿಯ ರೈತರು ಆಲೂಗಡ್ಡೆಯನ್ನು ನೆಲದ ಮೇಲೆ ಹರಡುತ್ತಾರೆ. ರಾತ್ರಿ ಅದು ಕಲ್ಲಾಗುತ್ತದೆ. ಮಾರನೆಯ ದಿನ ಮೆತ್ತಗಾದಾಗ ಬರಿಗಾಲಿನಿಂದ ತುಳಿದು ನೀರನ್ನು ಹಿಂಡುತ್ತಾರೆ. ಹೀಗೆ ಕೆಲವು ದಿನ ಮಾಡಿದರೆ ಹಗುರವೂ ಗಟ್ಟಿಯೂ ಆದ ‘ಚುನ್ಯೊ’ ಸಿದ್ಧವಾಗುತ್ತದೆ. ವರ್ಷಗಟ್ಟಲೆ ಇಟ್ಟರೂ ಕೆಡದು. ಇಂಕಾ ಅರಸರು ಇದನ್ನು ಉಗ್ರಾಣಗಳಲ್ಲಿ ತುಂಬಿಸಿ ಸೈನ್ಯಕ್ಕೂ ಕ್ಷಾಮಕಾಲಕ್ಕೂ ಇಡುತ್ತಿದ್ದರು. ಹದಿನಾರನೆಯ ಶತಮಾನದ ಸ್ಪೇನಿನ ಚರಿತ್ರಕಾರ ಸಿಯೆಸಾ ದ ಲಿಯೋನ್, ಪೊಟೊಸಿಯ ಬೆಳ್ಳಿಯ ಗಣಿಗಳಿಗೆ ಚುನ್ಯೊ ಸಾಗಿಸಿ ಮಾರಿದ್ದರಿಂದಲೇ ಎಷ್ಟೋ ಸ್ಪೇನಿನವರು ಶ್ರೀಮಂತರಾಗಿ ಊರಿಗೆ ಮರಳಿದರೆಂದು ಬರೆದಿಟ್ಟಿದ್ದಾನೆ. ಬೆಳೆದು ತುಳಿದವರಿಗೆ ಸಿಕ್ಕಿದ್ದು ಗಣಿಯ ಕೂಲಿ!

ಚುನ್ಯೊವನ್ನು ಫ್ರೀಜ್ ಡ್ರೈಯಿಂಗಿನ ಆದಿಯೆಂದು ಅನೇಕರು ಹೇಳುತ್ತಾರೆ. ಅದು ಪೂರ್ಣವಾಗಿ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಅಲ್ಲಿ ಹೆಚ್ಚಿನ ನೀರು ಕರಗಿ, ತುಳಿತಕ್ಕೆ ಸಿಕ್ಕಿ ದ್ರವವಾಗಿಯೇ ಹೊರಬೀಳುತ್ತದೆ. ಹಿಮವೇ ಆವಿಯಾಗುವುದು ಸ್ವಲ್ಪ ಭಾಗ ಮಾತ್ರ. ಆದರೂ ಚಳಿಯನ್ನೂ ಒಣಗಾಳಿಯನ್ನೂ ಜೊತೆಗೂಡಿಸಿ ದುಡಿಸಿಕೊಂಡ ಕೀರ್ತಿ ಅವರಿಗೆ ಸಲ್ಲತಕ್ಕದ್ದು.

ಪ್ರಯೋಗಶಾಲೆಯ ಕಥೆ ೧೮೧೦ರಲ್ಲಿ ಮೊದಲಾಗುತ್ತದೆಯೆನ್ನಬಹುದು. ಎಡಿನ್‌ಬರೋದ ಜಾನ್ ಲೆಸ್ಲಿ ಗಾಳಿ ತೆಗೆದ ಪಾತ್ರೆಯಲ್ಲಿ ನೀರನ್ನೂ, ಅದರ ಆವಿಯನ್ನು ಹೀರಲು ಗಂಧಕಾಮ್ಲವನ್ನೂ ಇಟ್ಟು, ನೀರು ತಾನಾಗಿಯೇ ಹೆಪ್ಪುಗಟ್ಟುವುದನ್ನು ತೋರಿಸಿದನು. ೧೮೧೩ರಲ್ಲಿ ಲಂಡನ್ನಿನ ವೊಲಾಸ್ಟನ್ ಒಂದು ಸರಳವಾದ ಉಪಕರಣವನ್ನು ವರ್ಣಿಸಿದನು. ಕೊಳವೆಯಿಂದ ಕೂಡಿಸಿದ ಎರಡು ಗಾಜಿನ ಬುರುಡೆಗಳು; ಒಳಗೆ ಗಾಳಿಯಿಲ್ಲ; ಒಂದರಲ್ಲಿ ಸ್ವಲ್ಪ ನೀರು. ಬರಿದಾದ ಬುರುಡೆಯನ್ನು ಹಿಮ ಮತ್ತು ಉಪ್ಪಿನ ಮಿಶ್ರಣದಲ್ಲಿ ಅದ್ದಿದರೆ, ದೂರದಲ್ಲಿರುವ ಇನ್ನೊಂದು ಬುರುಡೆಯ ನೀರು ಹೆಪ್ಪುಗಟ್ಟುತ್ತದೆ! ತಣ್ಣಗಾದ ಬುರುಡೆ ಆವಿಯನ್ನು ಸೆಳೆಯುತ್ತ ಹೋಗುವುದೇ ಇದರ ಗುಟ್ಟು. ಇಂದಿನ ದೊಡ್ಡ ಯಂತ್ರಗಳಲ್ಲಿಯೂ ಈ ತಣ್ಣನೆಯ ಬುರುಡೆಯೇ ಪ್ರಾಣ. ಏಕೆಂದರೆ ೧ ಗ್ರಾಂ ಹಿಮವು ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ ಆವಿಯಾದರೆ ಅದು ಆಕ್ರಮಿಸುವ ಸ್ಥಳ ಸುಮಾರು ೮ ಘನ ಮೀಟರು, ಅಂದರೆ ಉದ್ದ, ಅಗಲ, ಎತ್ತರ ತಲಾ ೨ ಮೀಟರಿನ ಒಂದು ಕೋಣೆ. ಚಮಚ ನೀರಿಗೆ ಐದು ಕೋಣೆ ಆವಿ. ಇದನ್ನು ಯಾವ ಪಂಪು ತಾನೇ ಎಳೆದು ಮುಗಿಸೀತು? ತಣ್ಣನೆಯ ಗೋಡೆಯ ಮೇಲೆ ಆವಿಯನ್ನು ಮತ್ತೆ ಹಿಮವಾಗಿ ಕೂರಿಸುವುದೊಂದೇ ದಾರಿ.

೧೮೯೦ರಲ್ಲಿ ಲೈಪ್‌ಜಿಗ್ ನಗರದ ಆಲ್ಟ್‌ಮನ್ ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕಾಗಿ ಪ್ರಾಣಿಗಳ ಅಂಗಾಂಶಗಳನ್ನು ಈ ಕ್ರಮದಿಂದ ಒಣಗಿಸಿದನು. ೧೯೦೬ರಲ್ಲಿ ಪ್ಯಾರಿಸ್ಸಿನ ಬೋರ್ದಾ ಮತ್ತು ದಾರ್ಸೊನ್ವಾಲ್, ೧೯೦೯ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಶಾಕೆಲ್, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಅದೇ ವಿಧಾನವನ್ನು ಮುಂದಕ್ಕೆ ತಂದರು. ಹುಚ್ಚುನಾಯಿ ರೋಗದ ವಿಷಾಣು ಹೀಗೆ ಒಣಗಿದ ಮೇಲೆಯೂ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದಿಲ್ಲವೆಂಬುದು ಆಗಲೇ ತಿಳಿದು ಬಂದಿತು. ೧೯೩೫ರಲ್ಲಿ ಫಿಲಡೆಲ್ಫಿಯದ ಫ್ಲಾಸ್‌ಡಾರ್ಫ್ ಮತ್ತು ಮಡ್ ಎಂಬುವರು ರಕ್ತದ್ರವವನ್ನು ಸೀಸೆಗಳಲ್ಲಿಯೇ ಒಣಗಿಸುವ ಯಂತ್ರವನ್ನು ಪ್ರಕಟಿಸಿದರು. ಆಕ್ಸ್‌ಫರ್ಡಿನಲ್ಲಿ ಅರ್ನೆಸ್ಟ್ ಚೇನ್ ಪೆನಿಸಿಲಿನ್ನನ್ನು ಕಂದುಬಣ್ಣದ ಪುಡಿಯಾಗಿ ಪಡೆದು ೧೯೪೦ರಲ್ಲಿ ಇಲಿಗಳ ಮೇಲೆ ಪರೀಕ್ಷೆಗೆ ಒದಗಿಸಿದ್ದೂ ಈ ಉಪಾಯದಿಂದಲೇ.

ವಿದ್ಯೆಯನ್ನು ಕಾರ್ಖಾನೆಯ ಪ್ರಮಾಣಕ್ಕೆ ಬೆಳೆಸಿದ್ದು ಎರಡನೆಯ ಮಹಾಯುದ್ಧ. ದಾನವಾಗಿ ಬಂದ ರಕ್ತವನ್ನು ಶೈತ್ಯದಲ್ಲಿಟ್ಟರೂ ಆಗ ಮೂರು ವಾರಕ್ಕಿಂತ ಹೆಚ್ಚು ಕಾಲ ಇಡುವಂತಿರಲಿಲ್ಲ. ರಕ್ತಕಣಗಳನ್ನು ಬೇರ್ಪಡಿಸಿ ಉಳಿದ ಪ್ಲಾಸ್ಮಾವನ್ನು ಒಣಗಿಸಿದರೆ ಅದು ರಣರಂಗದ ಬಿಸಿಲಿನಲ್ಲಿಯೂ ಉಳಿಯುತ್ತಿದ್ದಿತು. ಪುಡಿಯ ಸೀಸೆಯೊಂದು, ಶುದ್ಧಜಲದ ಸೀಸೆಯೊಂದು. ಎರಡನ್ನೂ ಬೆರೆಸಿ ಗಾಯಾಳುವಿನ ನಾಳಕ್ಕೆ ಹರಿಸುವುದು. ಅಮೆರಿಕದ ರೆಡ್‌ಕ್ರಾಸ್ ಆ ಯುದ್ಧಕಾಲದಲ್ಲಿ ೧೩೦ ಲಕ್ಷಕ್ಕೂ ಮೇಲ್ಪಟ್ಟು ರಕ್ತದಾನಗಳನ್ನು ಸಂಗ್ರಹಿಸಿತು. ಕೇಂಬ್ರಿಜ್ಜಿನ ಗ್ರೀವ್ಸ್ ಬ್ರಿಟನ್ನಿನಲ್ಲಿ ಇದೇ ಕೆಲಸವನ್ನು ನಡೆಸಿದರು. ಆದರೆ ಈ ಪುಡಿಯಲ್ಲಿ ಅನೇಕ ಜನರ ಪ್ಲಾಸ್ಮಾ ಬೆರೆತಿದ್ದುದರಿಂದ ಒಬ್ಬರ ಕಾಮಾಲೆ ಹಲವರಿಗೆ ಅಂಟಿತು. ೧೯೫೦ರ ದಶಕದಲ್ಲಿ ಇದರ ಬಳಕೆ ಇಳಿದುಹೋಯಿತು. ಒಣಗಿಸುವ ವಿದ್ಯೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಶ್ರದ್ಧೆಯಿಂದ ಕಾಪಾಡಿತು.

ಇನ್ನು ಸಿಡುಬಿಗೆ ಬರೋಣ. ಒಣ ಲಸಿಕೆ ಆಗ ಹೊಸ ಕಲ್ಪನೆಯೇನಲ್ಲ. ಡಚ್ಚರ ವಶದಲ್ಲಿದ್ದ ಜಾವಾದ್ವೀಪದಲ್ಲಿ ಆಟನ್ ಎಂಬ ವೈದ್ಯನು ೧೯೨೦ರ ದಶಕದಲ್ಲಿಯೇ ಗಾಳಿ ತೆಗೆದ ಪಾತ್ರೆಯಲ್ಲಿ ಒಣಗಿಸಿದ ಲಸಿಕೆಯನ್ನು ಸಿದ್ಧಪಡಿಸಿದ್ದನು. ಅದರ ಬಲದಿಂದ ಆ ದ್ವೀಪಗಳಲ್ಲಿ ೧೯೩೭ರ ಹೊತ್ತಿಗೆ ಸಿಡುಬು ನಿಂತಿತು. ಯುದ್ಧದ ಗಲಭೆಯ ಬಳಿಕ ೧೯೪೭ರಲ್ಲಿ ಮರಳಿ ಬಂದಿತು. ಆದರೆ ಪ್ರತಿ ಸಲವೂ ಒಂದೇ ಗುಣದ ಲಸಿಕೆಯನ್ನು ಅಪಾರ ಪ್ರಮಾಣದಲ್ಲಿ ತಯಾರಿಸುವ ಕ್ರಮ ಇನ್ನೂ ಸಿದ್ಧಿಸಿರಲಿಲ್ಲ.

ಅದನ್ನು ಸಾಧಿಸಿದವರು ಇಂಗ್ಲೆಂಡಿನ ಎಲ್‌ಸ್ಟ್ರೀಯಲ್ಲಿದ್ದ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್. ಕ್ರಿಮಿಗಳನ್ನು ಕೊಲ್ಲಲು ಲಸಿಕೆಗೆ ಕಾರ್ಬಾಲಿಕ್ ಆಮ್ಲವನ್ನು ಬೆರೆಸುವುದು ರೂಢಿ. ಒಣಗುವಾಗ ನೀರು ಕಡಿಮೆಯಾದಂತೆ ಆ ಆಮ್ಲ ಸಾಂದ್ರವಾಗಿ ಲಸಿಕೆಯ ವಿಷಾಣುವನ್ನೇ ಕೊಂದುಬಿಡುತ್ತಿದ್ದಿತು. ಕಾಲಿಯರ್ ವೇಗವಾಗಿ ತಿರುಗುವ ಯಂತ್ರದಲ್ಲಿ ಲಸಿಕೆಯನ್ನು ಸುತ್ತಿಸಿ ಆಮ್ಲವನ್ನು ಬೇರ್ಪಡಿಸಿದರು. ಬಳಿಕ ವಿಷಾಣುಗಳಿಗೆ ರಕ್ಷೆಯಾಗಿ ನೂರಕ್ಕೆ ಐದರಂತೆ ಪೆಪ್ಟೋನ್ ಎಂಬ ಸಸಾರಜನಕದ ಪದಾರ್ಥವನ್ನು ಸೇರಿಸಿದರು. ಅನಂತರ ಹೆಪ್ಪುಗಟ್ಟಿಸಿ ಒಣಗಿಸಿ ಗಾಜಿನ ಕುಪ್ಪಿಗಳಲ್ಲಿ ಮುಚ್ಚಿದರು. ಆ ಲಸಿಕೆಯನ್ನು ೪೫ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ಅಂದರೆ ನಮ್ಮ ರಾಯಚೂರು ಕಲಬುರ್ಗಿಗಳ ಕಡುಬೇಸಿಗೆಗೂ ಮೀರಿದ ಕಾವಿನಲ್ಲಿ, ಎರಡು ವರ್ಷ ಇಟ್ಟು ತೆಗೆದು ನೋಡಿದರು. ಅದು ಹತ್ತಿತು. ೧೯೫೫ರಲ್ಲಿ ಈ ವಿಧಾನವನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. ನಮ್ಮ ಪಠ್ಯಪುಸ್ತಕದಲ್ಲಿ ಜೆನ್ನರನಿಗೆ ಒಂದು ಚಿತ್ರವೂ ಒಂದು ಪುಟವೂ ಇವೆ. ಕಾಲಿಯರರಿಗೆ ಒಂದು ಸಾಲೂ ಇಲ್ಲ.

ಮೂರು ವರ್ಷಗಳ ಬಳಿಕ, ೧೯೫೮ರಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆಯಲ್ಲಿ ರಷ್ಯದ ವಿಕ್ಟರ್ ಝ್ದಾನೊವ್ ಸಿಡುಬನ್ನು ಭೂಮಿಯಿಂದಲೇ ತೊಡೆದುಹಾಕಬೇಕೆಂದು ಸೂಚಿಸಿದರು. ಬಿಸಿಲಿಗೆ ಸಾಯದ ಲಸಿಕೆ ಇಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಭಾರತದಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ೧೯೬೨ರಲ್ಲಿ ಆರಂಭವಾದಾಗ ಸೋವಿಯತ್ ರಷ್ಯ ಕೋಟಿಗಟ್ಟಲೆ ಪ್ರಮಾಣದ ಒಣ ಲಸಿಕೆಯನ್ನು ಉಡುಗೊರೆಯಾಗಿ ಕಳುಹಿಸಿತು. ಮುಂದೆ ನಮ್ಮ ದೇಶದಲ್ಲಿಯೇ ನಾಲ್ಕು ಸ್ಥಳಗಳಲ್ಲಿ ಅದು ತಯಾರಾಗತೊಡಗಿತು: ಹಿಮಾಲಯದ ತಪ್ಪಲಿನ ಪಟ್ವಾಡಾಂಗರ್, ಹೈದರಾಬಾದು, ಮದರಾಸಿನ ಗಿಂಡಿಯ ಕಿಂಗ್ ಸಂಸ್ಥೆ ಮತ್ತು ನಮ್ಮ ಬೆಳಗಾವಿ. ಕನ್ನಡ ನಾಡಿನ ಒಂದು ಊರಿನಲ್ಲಿ ಈ ಕುಪ್ಪಿಗಳು ತುಂಬಿದವೆಂಬುದು ಗಡಿಯಾಚೆ ಇರುವ ನಮಗೂ ಸಂತೋಷದ ವಿಷಯ. ೧೯೭೦ರ ದಶಕದ ಮೊದಲ ವರ್ಷಗಳಲ್ಲಿ ದೇಶಕ್ಕೆ ಬೇಕಾದ ಲಸಿಕೆ ಬಹುಮಟ್ಟಿಗೆ ಇಲ್ಲಿಯೇ ದೊರೆಯುವಂತಾಯಿತು.

ಒಣ ಲಸಿಕೆಯೊಂದರಿಂದಲೇ ಎಲ್ಲವೂ ನಡೆಯಿತೆಂದು ನಾವು ಹೇಳುವುದಿಲ್ಲ. ೧೯೭೪ರಲ್ಲಿಯೂ ಭಾರತದಲ್ಲಿ ೧ ಲಕ್ಷ ೮೮ ಸಾವಿರ ಮಂದಿಗೆ ಸಿಡುಬು ತಗುಲಿತು, ಮುಖ್ಯವಾಗಿ ಬಿಹಾರ ಮೊದಲಾದ ಉತ್ತರದ ರಾಜ್ಯಗಳಲ್ಲಿ. ಮನೆಮನೆಗೆ ನಡೆದು ರೋಗಿಗಳನ್ನು ಹುಡುಕಿ, ಅವರ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ, ರೋಗಕ್ಕೆ ಬೇಲಿ ಕಟ್ಟಿದ ಸಾವಿರಾರು ಕಾರ್ಯಕರ್ತರ ಕಾಲುಗಳು ಉಳಿದ ಕೆಲಸವನ್ನು ಮಾಡಿದವು. ಕವಲುಸೂಜಿ ಬಂದ ಮೇಲೆ ಚಕ್ರದಂತಹ ಹಳೆಯ ಉಪಕರಣದಿಂದ ತೋಳನ್ನು ತಿರುವಿ ಗಾಯಮಾಡುವ ಹಿಂಸೆಯೂ ತಪ್ಪಿತು. ಆದರೆ ಆ ಕಾರ್ಯಕರ್ತರ ಚೀಲದಲ್ಲಿದ್ದ ಕುಪ್ಪಿ, ಹಿಮಗಡ್ಡೆಯಿಲ್ಲದೆ ಎಷ್ಟು ದಿನ ನಡೆದರೂ ಜೀವಂತವಾಗಿದ್ದಿತು. ೧೯೭೫ರ ಮೇ ತಿಂಗಳಿನ ಬಳಿಕ ಭಾರತದಲ್ಲಿ ಸಿಡುಬು ಯಾರಿಗೂ ಬಂದಿಲ್ಲ. ೧೯೭೭ರ ಅಕ್ಟೋಬರಿನಲ್ಲಿ ಸೋಮಾಲಿಯದ ಮೆರ್ಕಾ ಪಟ್ಟಣದ ಆಸ್ಪತ್ರೆಯ ಅಡಿಗೆಯವನೊಬ್ಬನಿಗೆ ಬಂದುದೇ ಸ್ವಾಭಾವಿಕವಾಗಿ ಹರಡಿದ ಸಿಡುಬಿನ ಕೊನೆ. ೧೯೮೦ರ ಮೇ ೮ರಂದು ರೋಗ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು.

ಆಹಾರದಲ್ಲಿ ಈ ವಿದ್ಯೆಯ ಬಳಕೆಯನ್ನು ಎರಡು ಮಾತುಗಳಲ್ಲಿ ಹೇಳಬಹುದು. ಯಂತ್ರ, ವಿದ್ಯುತ್ತು, ಕಾಲ ಮೂರೂ ಹೆಚ್ಚು ಬೇಕಾದುದರಿಂದ ಇದು ದುಬಾರಿ. ಎಲ್ಲಿ ಹಗುರವಾಗಿರುವುದು ಬೆಲೆಗಿಂತ ಮುಖ್ಯವೋ ಅಲ್ಲಿ ಮಾತ್ರ ನಡೆಯುತ್ತದೆ: ಪರ್ವತಾರೋಹಿಗಳಿಗೆ, ಸೈನಿಕರಿಗೆ, ವ್ಯೋಮಯಾತ್ರಿಕರಿಗೆ. ೧೯೬೧ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯ ಈ ಬಗೆಯ ಆಹಾರಗಳ ಮೇಲೆ ಕೆಲಸ ಮಾಡಿದೆ. ೧೯೮೪ರಲ್ಲಿ ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದಾಗ ಅವರ ಬುತ್ತಿ ಅಲ್ಲಿಂದಲೇ ಹೋಯಿತು. ಕಾಫಿಯ ವಿಷಯದಲ್ಲಿ ಒಂದು ತಪ್ಪನ್ನು ತಿದ್ದಬೇಕು. ೧೯೩೮ರ ನೆಸ್‌ಕಫೆಯನ್ನು ಈ ವಿಧಾನದ ಮೊದಲ ಕಾಫಿಯೆಂದು ಕೆಲವರು ಬರೆಯುತ್ತಾರೆ. ಅದು ಬಿಸಿಗಾಳಿಯಲ್ಲಿ ತುಂತುರು ಸಿಂಪಡಿಸಿ ಒಣಗಿಸಿದ ಪುಡಿ. ಹೆಪ್ಪುಗಟ್ಟಿಸಿ ಒಣಗಿಸಿದ ಕಾಫಿ ಅಮೆರಿಕದ ಅಂಗಡಿಗಳಿಗೆ ಬಂದದ್ದು ೧೯೬೦ರ ದಶಕದಲ್ಲಿ.

ಇಷ್ಟನ್ನು ಓದಿ ತಿಳಿದುಕೊಂಡ ಮೇಲೆ ಒಂದು ದಿನ ತರಗತಿಯ ಮಕ್ಕಳನ್ನು ಊರಿನ ಆರೋಗ್ಯ ಉಪಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಂದು ಶಿಶುಗಳಿಗೆ ದಡಾರದ ಚುಚ್ಚುಮದ್ದು ಹಾಕುವ ದಿನ. ಅದೂ ಹೀಗೆಯೇ ಒಣಗಿಸಿದ್ದು. ಆದರೆ ಇದು ಸಿಡುಬಿನ ಲಸಿಕೆಯಷ್ಟು ಗಟ್ಟಿಯಲ್ಲ, ಒಣಗಿದ ಮೇಲೂ ತಂಪುಪೆಟ್ಟಿಗೆಯಲ್ಲಿಯೇ ಬರಬೇಕು. ನರ್ಸಮ್ಮನವರು ಸೀಸೆಯನ್ನು ಮಕ್ಕಳ ಮುಂದೆ ಹಿಡಿದರು. ತಳದಲ್ಲಿ ಬತಾಸಿನಂತಹ ಒಂದು ಬಿಳಿಯ ತುಣುಕು. ಜೊತೆಯ ಕುಪ್ಪಿಯ ನೀರನ್ನು ಅದರೊಳಗೆ ಬಿಟ್ಟರು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅದು ಕರಗಿತು. ಸೀಸೆಯ ಮೇಲೆ ಬೆರೆಸಿದ ಹೊತ್ತನ್ನು ಬರೆದು, “ಇನ್ನು ನಾಲ್ಕು ಗಂಟೆ ಮಾತ್ರ, ಆಮೇಲೆ ಉಳಿದದ್ದನ್ನು ಬಿಸಾಡಬೇಕು” ಎಂದರು.

ಆ ಬಾಲಕಿ ತನ್ನ ಮುತ್ತಜ್ಜಿಯನ್ನೂ ಕೈಹಿಡಿದು ಕರೆತಂದಿದ್ದಳು. ಮುತ್ತಜ್ಜಿ ಬಹಳ ಹೊತ್ತು ಸೀಸೆಯನ್ನೇ ನೋಡಿದರು. “ಇದು ಬಿಸ್ಲಿಗೆ ಸತ್ತೋದ್ರೆ ನಿಮ್ಗೆ ಗೊತ್ತಾದದಾ?” ಎಂದು ನರ್ಸಮ್ಮನನ್ನು ಕೇಳಿದರು. ನರ್ಸಮ್ಮನವರು ಸೀಸೆಯನ್ನು ತಿರುಗಿಸಿ, ಅದರ ಮೇಲೆ ಅಂಟಿಸಿದ್ದ ಸಣ್ಣ ಗುರುತನ್ನು ತೋರಿಸಿದರು: ವೃತ್ತದ ನಡುವೆ ಒಂದು ಚೌಕ. ಲಸಿಕೆಗೆ ಕಾವು ತಗುಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆಯನ್ನು ಯಾರಿಗೂ ಹಾಕುವಂತಿಲ್ಲ. ಅಂದು ಚೌಕ ಬೆಳ್ಳಗಿದ್ದಿತು. ಮುತ್ತಜ್ಜಿಗೆ ಕಣ್ಣು ಮಂಜು; ಬಾಲಕಿ ನೋಡಿ ಹೇಳಿದ ಮೇಲೆ, “ಹಂಗಾರೆ ಹಾಕಿ” ಎಂದರು.